‘ಮಾಡೇ ಮಾಡ್ತೀನಿ’ ಅನ್ನಲು ಆಗದ ಪ್ರಶ್ನೆಗಳು

ನಾನು ಜಿಲ್ಲಾ ಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದೇನೆ. ವಿಧಾನಸಭೆ ಚುನಾವಣೆ ಬಂದಾಗ ಕ್ಷೇತ್ರಕ್ಕೊಂದು ವಿಶೇಷ ಪುಟ ಮಾಡುತ್ತೇವೆ. ಅಲ್ಲಿನ ನಾಲ್ಕೈದು ಸಮಸ್ಯೆ ತೆಗೆದುಕೊಂಡು, ಪ್ರತಿ ಅಭ್ಯರ್ಥಿಯ ನಿಲುವು ಏನು ಅಂತ ಅಕ್ಕಪಕ್ಕ ಹಾಕುತ್ತೇವೆ. ಆ ಪುಟದ ಉಸ್ತುವಾರಿ ನನ್ನದು. ಹೊಸದಾಗಿ ವರದಿಗಾರಿಕೆಗೆ ಬಂದವರು ಇದರ ಬಗ್ಗೆ ಆಗಾಗ ಕೇಳುತ್ತಿರುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಡೋಣ ಅನ್ನಿಸಿತು.

‘ಕುಡಿಯುವ ನೀರಿನ ಬಗ್ಗೆ ನಿಮ್ಮ ನಿಲುವೇನು ಸರ್?’ ಅಂತ ಕೇಳಿ ನೋಡಿ. ‘ಶಾಶ್ವತ ಪರಿಹಾರ ಕೊಡ್ತೀನಿ.’ ರಸ್ತೆ? ‘ಆದ್ಯತೆ ಮೇಲೆ ಮಾಡಿಸ್ತೀನಿ.’ ತಾಲ್ಲೂಕು ಆಸ್ಪತ್ರೆ? ‘ಮೇಲ್ದರ್ಜೆಗೆ ಏರಿಸ್ತೀನಿ.’ ಪುಟವೇನೋ ತುಂಬುತ್ತದೆ. ಆದರೆ ಹೆಸರು ಮುಚ್ಚಿ ಓದಿದರೆ ಯಾವ ಉತ್ತರ ಯಾರದು ಅಂತ ಅಭ್ಯರ್ಥಿಯ ಮನೆಯವರಿಗೂ ಗೊತ್ತಾಗುವುದಿಲ್ಲ. ರಸ್ತೆ ಬೇಡ ಅನ್ನುವ ಅಭ್ಯರ್ಥಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಹಾಗಾಗಿ ಪ್ರಶ್ನೆ ಬರೆಯುವ ಮೊದಲು ನಾನು ನೋಡುವುದು ಇಷ್ಟೇ: ಈ ವಿಷಯದಲ್ಲಿ ಶಾಸಕರ ಕೈಯಲ್ಲಿ ನಿಜವಾಗಿ ಏನಿದೆ? ಬೀದಿ ದೀಪ, ಕಸ, ಚರಂಡಿ ಕಾನೂನಿನ ಪ್ರಕಾರ ಪಂಚಾಯಿತಿ, ಪುರಸಭೆಗಳ ಕೆಲಸ. 1992ರ ಸಂವಿಧಾನ ತಿದ್ದುಪಡಿಗಳಲ್ಲಿ ಪಂಚಾಯಿತಿಗಳಿಗೆ 29 ವಿಷಯ, ನಗರ ಸಂಸ್ಥೆಗಳಿಗೆ 18 ವಿಷಯ ಅಂತ ಪಟ್ಟಿಯೇ ಇದೆ. ರೈಲ್ವೆ ಗೇಟು, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು.

ಕಾಗದದ ಮೇಲೆ ಇದು ಸರಿ, ಊರಲ್ಲಿ ನಡೆಯುವುದೇ ಬೇರೆ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ. 2023ರ ಮೇ 10ಕ್ಕೆ ವಿಧಾನಸಭೆಗೆ ಮತದಾನ ನಡೆದಾಗಲೂ ಅವುಗಳಿಗೆ ಚುನಾವಣೆ ಆಗಿರಲಿಲ್ಲ. ಮಧ್ಯದಲ್ಲಿ ಕೇಳುವವರೇ ಇಲ್ಲ ಅಂದಮೇಲೆ ಮೋರಿ ಕಟ್ಟಿಕೊಂಡರೂ ಜನ ಹೋಗುವುದು ಶಾಸಕರ ಮನೆಗೇ. ಅಲ್ಲಿಗೆ ಹೋಗಿ ‘ಇದು ನಿಮ್ಮ ವ್ಯಾಪ್ತಿಗೆ ಬರಲ್ಲ ಬಿಡಿ’ ಅಂತ ನಾವು ಹೇಳೋಕಾಗುತ್ತಾ? ನಾವು ಆ ಪ್ರಶ್ನೆಯನ್ನೇ ತಿರುಗಿಸಿದೆವು: ‘ಜಿಲ್ಲಾ ಪಂಚಾಯಿತಿ ಚುನಾವಣೆ ಬೇಗ ಆಗಬೇಕು ಅಂತ ಸದನದಲ್ಲಿ ಕೇಳ್ತೀರಾ?’ ಅದುವರೆಗೆ ನಗುತ್ತಾ ಮಾತಾಡುತ್ತಿದ್ದವರು ಇಲ್ಲಿ ಸ್ವಲ್ಪ ಗಂಭೀರ ಆಗುತ್ತಿದ್ದರು. ಜಿಲ್ಲಾ ಪಂಚಾಯಿತಿ ಸದಸ್ಯ ಅಂತ ಒಬ್ಬರು ಬಂದರೆ ಕಾಮಗಾರಿ ಪಟ್ಟಿ ಹಂಚಿಕೊಳ್ಳಬೇಕು, ಮುಂದೆ ಅವರೇ ಟಿಕೆಟ್ ಕೇಳಬಹುದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ಶುರು ಮಾಡುತ್ತಾರೆ. ಅದನ್ನೂ ಹಾಗೇ ಹಾಕಿದೆವು. ಓದುವವರು ದಡ್ಡರಲ್ಲ.

ಶಾಸಕರಿಗೆ ನೇರ ಅಧಿಕಾರ ಇರುವ ಕಡೆ ಪ್ರಶ್ನೆ ಇನ್ನೂ ಚೂಪಾಗಿರಬೇಕು. ಬಗರ್‌ಹುಕುಂ ವಿಷಯವನ್ನೇ ನೋಡಿ. ಸರ್ಕಾರಿ ಜಮೀನು ಉಳುಮೆ ಮಾಡಿಕೊಂಡು ಬಂದವರು ಅದು ಸಕ್ರಮ ಆಗಿ ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಸಿಗಲಿ ಅಂತ ಫಾರಂ 50, 53, 57ರಲ್ಲಿ ಅರ್ಜಿ ಹಾಕಿಕೊಂಡು ಕಾಯುತ್ತಿರುತ್ತಾರೆ. ಅರ್ಜಿ ನೋಡುವ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. ಅಂದರೆ ಈ ವಿಷಯದಲ್ಲಿ ‘ಸರ್ಕಾರದ ಗಮನಕ್ಕೆ ತರ್ತೀನಿ’ ಅಂತ ಜಾರಿಕೊಳ್ಳುವ ಹಾಗಿಲ್ಲ. ಗೋಮಾಳದ, ಅಂದರೆ ಊರಿನ ದನ ಮೇಯಲು ಬಿಟ್ಟ ಸರ್ಕಾರಿ ಜಾಗದ, ತೊಡಕು ಬೇರೆ ಇದೆ. ನೂರು ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಬೇಕು ಅನ್ನುವುದು ನಿಯಮ. ಜಾನುವಾರು ಲೆಕ್ಕ ಹಾಕಿದರೆ ಇರುವ ಗೋಮಾಳವೇ ಸಾಲದು ಅನ್ನುವ ಊರುಗಳಲ್ಲೂ ಅರ್ಜಿಗಳು ರಾಶಿ ಬಿದ್ದಿರುತ್ತವೆ. ‘ಬಡವರಿಗೆ ಭೂಮಿ ಕೊಡ್ತೀರಾ’ ಅಂತ ಕೇಳಿದರೆ ಎಲ್ಲರೂ ಕೊಡುತ್ತಾರೆ. ನಾವು ಕೇಳಬೇಕಾದದ್ದು ಈ ಊರುಗಳ ಬಗ್ಗೆ.

ಒಬ್ಬ ಅಭ್ಯರ್ಥಿ ಸಿಕ್ಕಿದ್ದು ರಾತ್ರಿ ಪ್ರಚಾರ ಮುಗಿದ ಮೇಲೆ, ಮುಂದಿನ ಹಳ್ಳಿಗೆ ಹೋಗುವ ಕಾರಿನಲ್ಲಿ. ಕೊರಳಲ್ಲಿ ಇನ್ನೂ ಹಾರ ಇತ್ತು. ಗಂಟಲು ಪೂರ್ತಿ ಕಟ್ಟಿತ್ತು. ‘ಅರ್ಹರಿಗೆಲ್ಲಾ ಸಾಗುವಳಿ ಚೀಟಿ ಕೊಡಿಸ್ತೀನಿ, ಬರ್ಕೊಳ್ಳಪ್ಪಾ’ ಅಂದರು. ಬರೆದುಕೊಂಡೆ.

‘ಗೋಮಾಳ ಕಡಿಮೆ ಇರೋ ಊರಲ್ಲಿ ಏನ್ಮಾಡ್ತೀರಿ ಸರ್?’

ಮುಂದಿನ ಸೀಟಿನಲ್ಲಿದ್ದ ಪಿಎ ತಿರುಗಿ ನೋಡಿದರು. ಅಭ್ಯರ್ಥಿ ಹಾರ ತೆಗೆದು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಅಲ್ಲಿ ಕಷ್ಟ ಕಣಪ್ಪಾ. ನಿಯಮ ಬದಲಾಗದೆ ನಾನು ಸಹಿ ಹಾಕಿದ್ರೂ ನಿಲ್ಲಲ್ಲ. ಬದಲಾಯಿಸಿ ಅಂತ ಕೇಳ್ತೀನಿ. ಆಗುತ್ತೆ ಅಂತ ಮಾತು ಕೊಡಲ್ಲ.’

‘ಇದೊಂದು ಹಾಕ್ಬೇಡಿ ಬ್ರದರ್’ ಅಂದರು ಪಿಎ.

‘ಹಾಕ್ಕೊಳ್ಳಲಿ ಬಿಡೋ’ ಅಂದರು ಅಭ್ಯರ್ಥಿ.

ಆ ವರ್ಷದ ಪುಟಗಳಲ್ಲಿ ನನಗೆ ಉಪಯೋಗಕ್ಕೆ ಬಂತು ಅನ್ನಿಸಿದ ಸಾಲು ಅದೊಂದೇ. ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅಂತ ಅದರಲ್ಲಿ ಗೊತ್ತಾಗುತ್ತಿತ್ತು.

ದುಡ್ಡಿನ ಪ್ರಶ್ನೆಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಇಡೀ ಕ್ಷೇತ್ರಕ್ಕೆ ಹಂಚಿದರೆ ಎಲ್ಲಿಗೂ ಸಾಲದು. ‘ಮೊದಲ ವರ್ಷದ್ದು ಯಾವುದಕ್ಕೆ?’ ಅಂತ ಕೇಳಿದರೆ ಒಬ್ಬರು ಸಮುದಾಯ ಭವನ ಅನ್ನುತ್ತಾರೆ, ಇನ್ನೊಬ್ಬರು ಶಾಲಾ ಕೊಠಡಿ ಅನ್ನುತ್ತಾರೆ. ಅಲ್ಲೇ ವ್ಯತ್ಯಾಸ ಕಾಣುತ್ತದೆ.

‘ನಮ್ಮ ಪಕ್ಷದ ನಿಲುವೇ ನನ್ನ ನಿಲುವು’ ಅನ್ನುವುದನ್ನು ನಾನು ಪೂರ್ತಿ ನೆಪ ಅನ್ನುವುದಿಲ್ಲ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಶಾಸಕ ಸ್ಥಾನಕ್ಕೇ ಕುತ್ತು. ಮಸೂದೆಗಳ ವಿಷಯದಲ್ಲಿ ಅವರ ಸ್ವಂತ ಅಭಿಪ್ರಾಯಕ್ಕೆ ಬೆಲೆ ಕಡಿಮೆ. ಆದರೆ ಸದನದಲ್ಲಿ ಪ್ರಶ್ನೆ ಕೇಳುವುದಕ್ಕೆ, ತಾಲ್ಲೂಕಿನ ಕಾಮಗಾರಿ, ಯೋಜನೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಳ್ಳುವುದಕ್ಕೆ ಯಾವ ವಿಪ್ ಇದೆ? ಪ್ರಶ್ನೆ ಆ ಕಡೆಗೆ ಇರಲಿ. ಮಲೆನಾಡಿನಲ್ಲಿ ಪಶ್ಚಿಮಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿ ಬಗ್ಗೆ ಕೇಳಿದರೆ ಎಲ್ಲ ಪಕ್ಷದವರೂ ವಿರೋಧ ಅನ್ನುತ್ತಾರೆ, ಅದಕ್ಕೊಂದು ಕಾಲಂ ದಂಡ. ಆನೆ ತಡೆಯಲು ರೈಲು ಹಳಿಯ ಬೇಲಿ ಹಾಕುವುದಾದರೆ ಮೊದಲು ಯಾವ ಹೋಬಳಿಗೆ, ಅಂತ ಕೇಳಿದರೆ ಮಾತು ಬೇರೆ. ಒಂದು ಕಡೆ ಬೇಲಿ ಬಂದರೆ ಆನೆ ಇನ್ನೊಂದು ಕಡೆ ನುಗ್ಗುತ್ತದೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು.

ಹಾಲಿ ಶಾಸಕರೇ ಮತ್ತೆ ನಿಂತಿದ್ದರೆ ಅವರನ್ನು ಕೇಳುವ ಮೊದಲು ವಿಧಾನಸಭೆಯ ಜಾಲತಾಣ ನೋಡಿ. ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲೇ ಬಾಯಿಮಾತಿನ ಉತ್ತರಕ್ಕೆ), ಗುರುತಿಲ್ಲದ ಪ್ರಶ್ನೆ (ಲಿಖಿತ ಉತ್ತರಕ್ಕೆ), ಉತ್ತರ ಎಲ್ಲ ಅಲ್ಲಿ ಸಿಗುತ್ತವೆ. ನೀರಾವರಿಗೆ ಹೋರಾಡಿದೆ ಅನ್ನುವವರು ಆ ಬಗ್ಗೆ ಒಂದಾದರೂ ಪ್ರಶ್ನೆ ಕೇಳಿದ್ದಾರಾ ಅಂತ ಗೊತ್ತಾಗುತ್ತದೆ. ನಾಮಪತ್ರದ ಜೊತೆ ಕೊಡುವ ಅಫಿಡವಿಟ್‌ನಲ್ಲಿ ಕೇಸು, ಆಸ್ತಿ, ಸಾಲ, ಓದು ಇರುತ್ತದೆ. ನಿಲುವು ಇರುವುದಿಲ್ಲ. ಅದನ್ನು ಬಾಯಿಂದಲೇ ಕೇಳಬೇಕು.

ಸಮಯ ಬಹಳ ಕಡಿಮೆ ಇರುತ್ತದೆ. 2023ರಲ್ಲಿ ನಾಮಪತ್ರ ವಾಪಸಿಗೆ ಏಪ್ರಿಲ್ 24 ಕೊನೆ ದಿನ. ಕಣದಲ್ಲಿ ಯಾರಿದ್ದಾರೆ ಅಂತ ಅಂದೇ ಖಚಿತ ಆಗುವುದು. ಕೊನೆಯ ವಾರ ಯಾರೂ ಫೋನ್ ಎತ್ತುವುದಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ ಕಳಿಸಿ, ಅಷ್ಟೇ ಜಾಗ ಕೊಡಿ. ವಾಟ್ಸಾಪ್‌ನಲ್ಲಿ ಬಂದ ಉತ್ತರ ಸೋಷಿಯಲ್ ಮೀಡಿಯಾ ಟೀಮಿನದು ಅಂತ ಗೊತ್ತಿದ್ದರೆ ‘ಕಚೇರಿಯಿಂದ ಬಂದ ಲಿಖಿತ ಉತ್ತರ’ ಅಂತ ಹಾಕಿ. ‘ನೋಡೋಣ’ ಅಂದದ್ದನ್ನು ಡೆಸ್ಕ್‌ನವರು ‘ಪರಿಶೀಲಿಸುವ ಭರವಸೆ ನೀಡಿದರು’ ಅಂತ ತಿದ್ದಲು ಬಿಡಬೇಡಿ. ನೋಡೋಣ ಅಂದರೆ ನೋಡೋಣ ಅಷ್ಟೇ. ಅಂದಹಾಗೆ, ಒಬ್ಬರ ಕಡೆಯವರು ‘ಈ ಪುಟಕ್ಕೆ ರೇಟ್ ಎಷ್ಟು?’ ಅಂತ ಕೇಳಿದ್ದರು. ದುಡ್ಡು ಬೇಡ ಅಂದ ಮೇಲೆ ಅವರಿಗೆ ನಮ್ಮ ಮೇಲೆ ಅನುಮಾನ ಜಾಸ್ತಿ ಆಯಿತು!

ಫಲಿತಾಂಶ ಬಂದ ಮೇಲೆ ಗೆದ್ದವರ ಕಾಲಂ ಕತ್ತರಿಸಿ ತಾಲ್ಲೂಕು ವರದಿಗಾರರ ಕೈಗೆ ಕೊಡುತ್ತೇವೆ. ಕಾರಿನಲ್ಲಿ ಮಾತಾಡಿದ ಅಭ್ಯರ್ಥಿ ಸೋತರು. ಗೆದ್ದವರು ಗೋಮಾಳದ ಪ್ರಶ್ನೆಗೆ ಫೋನನ್ನು ಪಿಎ ಕೈಗೆ ಕೊಟ್ಟಿದ್ದರು, ಹಾಗಾಗಿ ಅವರ ಜಾಗದಲ್ಲಿ ‘ಉತ್ತರಿಸಲಿಲ್ಲ’ ಅಂತ ಹಾಕಿದ್ದೆವು. ಬಗರ್‌ಹುಕುಂ ಸಮಿತಿಯ ಮೊದಲ ಸಭೆ ಮುಗಿಸಿ ಅವರು ಹೊರಗೆ ಬಂದಾಗ ನಮ್ಮ ವರದಿಗಾರ ಆ ಕತ್ತರಿಸಿದ ಕಾಲಂ ಹಿಡಿದು ಅದೇ ಪ್ರಶ್ನೆ ಕೇಳಿದ. ತಹಶೀಲ್ದಾರ್ ಪಕ್ಕದಲ್ಲೇ ನಿಂತಿದ್ದರು, ಅರ್ಜಿದಾರರು ಸುತ್ತ ಇದ್ದರು. ಆವತ್ತು ಅವರೇ ಉತ್ತರ ಕೊಟ್ಟರು.