ಭುಜದ ನೋವು, ಎಣ್ಣೆ, ಸೂಜಿ, ನಸುಗುನ್ನಿ

ಪಾರ್ಕಿನ್ಸನ್ಸ್ ಅಂದ್ರೆ ಕೈ ನಡುಕ ಅಂತ ಎಲ್ಲರಿಗೂ ಗೊತ್ತು. ನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನನ್ನು ನಡುಕಕ್ಕಿಂತ ಜಾಸ್ತಿ ಕಾಡುವುದು ಬಲಭುಜ. ಮಾತ್ರೆಯ ಪ್ರಭಾವ ಇಳಿದ ಹಾಗೆ ಸ್ನಾಯು ಬಿಗಿಯುತ್ತದೆ, ನೋವು ಏರುತ್ತದೆ.

ಮಹಾನಾರಾಯಣ ತೈಲ ಹಚ್ಚಿ ಬಿಸಿನೀರು ಹುಯ್ದುಕೊಂಡರೆ ಸ್ವಲ್ಪ ಹೊತ್ತು ಹಾಯಾಗಿರುತ್ತದೆ. ಆ ಸ್ವಲ್ಪ ಹೊತ್ತಿಗೂ ಬೆಲೆ ಇದೆ, ಅಲ್ವಾ? ಅಕ್ಯುಪಂಕ್ಚರನ್ನೂ ಮಾಡಿಸಿದೆ. ನೋವು ಕಮ್ಮಿಯಾಗಿದ್ದು ಸೂಜಿಯಿಂದಲೋ, ಅಲ್ಲಿ ಸುಮ್ನೆ ಕಣ್ಮುಚ್ಚಿ ಮಲಗಿದ್ದರಿಂದಲೋ, ಹೇಳಲಾರೆ. "ಮಾತ್ರೆ ಬಿಡಿ, ಪೂರ್ತಿ ವಾಸಿ ಮಾಡ್ತೀನಿ" ಅಂದವರ ಕಡೆ ಮಾತ್ರ ಮತ್ತೆ ಹೋಗಲಿಲ್ಲ.

ನಸುಗುನ್ನಿ ಪುಡಿಯ ಕಥೆ ಬೇರೆ. ಆಯುರ್ವೇದದಲ್ಲಿ ಕಂಪವಾತಕ್ಕೆ, ಅಂದ್ರೆ ನಡುಕದ ಕಾಯಿಲೆಗೆ, ಕೊಡುವ ಈ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಅನ್ನೋ ಔಷಧ ಇದೆ. ನನ್ನ ಮಾತ್ರೆಯಲ್ಲಿರುವುದೂ ಅದೇ. ಗಿಡದ್ದು ತಾನೇ ಅಂತ ಜೊತೆಗೆ ತಗೊಂಡರೆ ಡೋಸ್ ಏರುತ್ತದೆ. ವಾಕರಿಕೆ ಬರಬಹುದು, ಬಿಪಿ ಇಳಿಯಬಹುದು, ಕೈಕಾಲು ತಾನಾಗಿಯೇ ಕುಣಿಯಬಹುದು. ಎಲ್ಲಾ ಪುಡಿಯಲ್ಲೂ ಒಂದೇ ಪ್ರಮಾಣ ಇರುತ್ತದೆ ಅಂತಲೂ ಇಲ್ಲ. ನ್ಯೂರಾಲಜಿ ಡಾಕ್ಟರಿಗೆ ಡಬ್ಬಿ ತೋರಿಸಿದೆ. ಬೇಡ ಅಂದರು, ಬೈಯಲಿಲ್ಲ. ಎಣ್ಣೆಗೆ ಅವರದೇನೂ ತಕರಾರಿಲ್ಲ.

ಪಕ್ಕದ ಮನೆ ಆಂಟಿ ಈಗ ಜಿಗಣೆ ಚಿಕಿತ್ಸೆ ಅಂತಿದ್ದಾರೆ. ಅದಕ್ಕೆ ನಾನು ತಯಾರಿಲ್ಲ ಕಣ್ರೀ!