ಸಂಪಾಜೆಯಲ್ಲಿ ನೆಲ ಮುಟ್ಟಿದ ಪೆಡಲ್

ಮಡಿಕೇರಿಯಿಂದ ಸಂಪಾಜೆಗೆ ಇಳಿದ ಆ ಕಾರು ಘಾಟಿಯಲ್ಲಿ ಎಲ್ಲೂ ತೊಂದರೆ ಕೊಡಲಿಲ್ಲ. ಐದು ಜನ, ಹಿಂದೆ ಲಗೇಜು, ಸಣ್ಣ ಮಳೆ. ಮೂರನೇ ಗೇರಿನಲ್ಲೇ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿದಿದ್ದರು. ಕೆಳಗೆ ಬಂದು ಚಹಾಕ್ಕೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಹೊರಟಾಗ ಮೊದಲ ಒತ್ತಿಗೇ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರು. ಅದು ಕೇಬಲ್‌ನಿಂದ ಹಿಂದಿನ ಡ್ರಮ್ಮಿಗೆ ಹೋಗುವುದರಿಂದ ಹಿಡಿಯಿತು.

ಗಾಡಿಯನ್ನು ಪಕ್ಕದ ವರ್ಕ್‌ಶಾಪ್ ಶೆಡ್ಡಿಗೆ ತಳ್ಳಿ, ಮುಕ್ಕಾಲು ಗಂಟೆ ಮುಟ್ಟದೆ ಬಿಟ್ಟರು. ಆಮೇಲೆ ಒತ್ತಿದರೆ ಪೆಡಲ್ ಗಟ್ಟಿ, ಹೊಸ ಗಾಡಿಯ ಹಾಗೆ. ‘ಸರಿ ಆಯ್ತಲ್ಲ, ಹೊರಡೋಣ’ ಎಂದು ಮನೆಯವರೆಲ್ಲ ಹತ್ತಿ ಕೂತರು. ಅಪಾಯ ಇರುವುದೇ ಇಲ್ಲಿ. ತಣ್ಣಗಾದ ಮೇಲೆ ಈ ದೋಷ ಯಾರ ಕೈಗೂ ಸಿಗುವುದಿಲ್ಲ.

ಒಳಗೆ ನಡೆದದ್ದು ಇಷ್ಟು. ಪೆಡಲ್ ಒತ್ತಿದಾಗ ಪೈಪಿನೊಳಗಿನ ಬ್ರೇಕ್ ದ್ರವ ಆ ಒತ್ತಡವನ್ನು ಚಕ್ರದವರೆಗೆ ಒಯ್ದು, ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡನ್ನು ಒತ್ತಿಸುತ್ತದೆ. 1,200 ಕೆಜಿ ತೂಕದ ಗಾಡಿ 900 ಮೀಟರ್ ಎತ್ತರದಿಂದ ಇಳಿದರೆ, ಆ ಇಳಿತದ ಶಕ್ತಿ ಮೂವತ್ತು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಬಚ್ಚಲಿನ ಒಂದು ಹಂಡೆ ನೀರು ಅಂದುಕೊಳ್ಳಿ. ಎರಡನೇ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆಯುತ್ತದೆ. ಕಾಲು ಬ್ರೇಕಿನ ಮೇಲೇ ಇದ್ದರೆ ಬಹುಪಾಲು ಡಿಸ್ಕಿಗೆ ಹೋಗುತ್ತದೆ. ಗಾಡಿ ಓಡುವಾಗ ಗಾಳಿ ಡಿಸ್ಕನ್ನು ತಣಿಸುತ್ತಿರುತ್ತದೆ. ನಿಲ್ಲಿಸಿದ ಕೂಡಲೇ ಗಾಳಿ ನಿಂತು, ಡಿಸ್ಕಿನ ಕಾವು ಪ್ಯಾಡ್, ಪಿಸ್ಟನ್ ದಾಟಿ, ಅವೆರಡನ್ನೂ ಹಿಡಿದಿರುವ ಕ್ಯಾಲಿಪರ್ ಒಳಗಿನ ದ್ರವಕ್ಕೆ ಏರುತ್ತದೆ. ಕಾಲು ತೆಗೆದದ್ದರಿಂದ ಒತ್ತಡವೂ ಇರುವುದಿಲ್ಲ. ಆಗ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಾವು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುತ್ತದೆ, ಹಾಗಾಗಿ ‘ಏರ್ ತೆಗೆದು ನೋಡೋಣ’ ಎಂದು ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಬಿಚ್ಚಿದರೂ ಗುಳ್ಳೆ ಕಾಣುವುದಿಲ್ಲ. ಇದನ್ನು ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುವುದರ ಜೊತೆ ಬೆರೆಸಬಾರದು. ಪ್ಯಾಡ್ ಕಾದಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಶೆಡ್ಡಿನಲ್ಲಿ ಮೊದಲು ನೋಡಿದ್ದು ಸೋರಿಕೆ. ನಾಲ್ಕೂ ಟೈರಿನ ಒಳಮೈ, ಹೋಸ್, ಹಿಂದಿನ ವ್ಹೀಲ್ ಸಿಲಿಂಡರಿನ ರಬ್ಬರ್ ಬೂಟ್, ಪೆಡಲ್ ಹಿಂದೆ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಬುಡ, ಎಲ್ಲ ಒಣಗಿತ್ತು. ಗಾಡಿಯ ಬ್ರೇಕ್ ದ್ರವದ ಡಬ್ಬಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಸರಿಯಾಗಿತ್ತು, ಮುಂದಿನ ಪ್ಯಾಡ್ ಇನ್ನೂ 4 ಮಿ.ಮೀ. ಉಳಿದಿತ್ತು. ಆದರೆ ಸಿರಿಂಜಿನಲ್ಲಿ ಎಳೆದು ಗಾಜಿನ ಲೋಟಕ್ಕೆ ಹಾಕಿದ ದ್ರವದ ಬಣ್ಣ ಬೆಲ್ಲದ ಕಾಫಿಯದು. ಹೊಸದು ತಿಳಿ ಜೇನಿನ ಹಾಗಿರುತ್ತದೆ. ಬಣ್ಣ ನೋಡಿ ತೀರ್ಪು ಕೊಡಲಾಗದು, ತಿಳಿಯಾಗಿದ್ದೂ ನೀರು ತುಂಬಿರಬಹುದು. ಪೆನ್ನಿನಂಥ ಟೆಸ್ಟರ್ ಅದ್ದಿದಾಗ ಕೆಂಪು ದೀಪ ಹತ್ತಿತು. ಆ ಪೆನ್ನು ಕರೆಂಟ್ ಎಷ್ಟು ಹರಿಯುತ್ತದೆ ಎಂಬುದನ್ನಷ್ಟೇ ಅಳೆಯುತ್ತದೆ, ಅದು ಸುಳಿವು ಮಾತ್ರ. ದ್ರವವನ್ನು ನಿಜವಾಗಿ ಕುದಿಸಿ ನೋಡುವ ಟೆಸ್ಟರ್ ನಂಬಲು ಯೋಗ್ಯ. ಇಲ್ಲಿ ಪೆನ್ನಿಗಿಂತ ದೊಡ್ಡ ಸಾಕ್ಷಿ ಸರ್ವಿಸ್ ಪುಸ್ತಕ: ಗಾಡಿಗೆ ಐದು ವರ್ಷ, 38,000 ಕಿ.ಮೀ., ಬ್ರೇಕ್ ಆಯಿಲ್ ಬದಲಿಸಿದ ಒಂದು ಸಾಲೂ ಇಲ್ಲ.

‘ಬ್ರೇಕ್ ಆಯಿಲ್’ ಎಂಬ ಮಾತು ನಮ್ಮ ಬಾಯಲ್ಲಿ ಕೂತುಬಿಟ್ಟಿದೆ. ಅದು ಎಣ್ಣೆಯಲ್ಲ. ಬ್ರೇಕ್ ದ್ರವದ ದರ್ಜೆಗಳಾದ ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿಯವು, ನೀರನ್ನು ಹೀರುವ ಗುಣದವು. ರಬ್ಬರ್ ಹೋಸಿನ ಮೈಯಿಂದ, ಮುಚ್ಚಳದ ಸಣ್ಣ ತೂತಿನಿಂದ ತೇವ ಒಳಗೆ ಹೋಗುತ್ತಲೇ ಇರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಲ್ಲಿ, ತಿಂಗಳುಗಟ್ಟಲೆ ಬಟ್ಟೆಯೇ ಒಣಗದ ಊರುಗಳಲ್ಲಿ, ಈ ದ್ರವಕ್ಕೆ ಒಣಗಿರಲು ಪುರುಸೊತ್ತೇ ಇಲ್ಲ.

ಈ ಡಾಟ್ ಅಂಕಿಯ ಅರ್ಥ ಇದರಲ್ಲೇ ಇದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಇದು ಒಣ ಲೆಕ್ಕ. ದ್ರವದಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿದಾಗಿನ ಹಸಿ ಲೆಕ್ಕ ಬೇರೆ: 140, 155, 180. ಹಾಗಾದರೆ ಐದು ಮಳೆಗಾಲ ಕಂಡ ಡಾಟ್ 4ಕ್ಕಿಂತ ನಿನ್ನೆ ಸೀಲ್ ಒಡೆದ ಡಾಟ್ 3 ಎಷ್ಟೋ ಮೇಲು. ಯಾವ ನಂಬರ್ ಹಾಕಿಸಿದೆ ಎಂದು ಕೇಳುವವರು ಬಹಳ ಜನ. ಯಾವಾಗ ಹಾಕಿಸಿದೆ ಎಂಬುದೇ ಘಾಟಿಯಲ್ಲಿ ಲೆಕ್ಕಕ್ಕೆ ಬರುವುದು.

ಗಾಡಿಯ ಯಜಮಾನರು ಕೇಳಿದ್ದೂ ನಂಬರನ್ನೇ. ‘ಅಣ್ಣಾ, ಡಾಟ್ 5 ಹಾಕಿಬಿಡಿ, ಅದು ಎಲ್ಲಕ್ಕಿಂತ ದೊಡ್ಡದಲ್ವಾ?’

‘ಅದು ಬೇರೆ ಜಾತಿ ಸರ್, ಈ ಗಾಡಿಗೆ ಆಗೋದಿಲ್ಲ’ ಎಂದರು ಹಿರಿಯ ಮೆಕ್ಯಾನಿಕ್.

ನಿಜ. ಡಾಟ್ 5 ಸಿಲಿಕೋನ್, ಸಾಮಾನ್ಯವಾಗಿ ನೇರಳೆ ಬಣ್ಣ. ನೀರು ಹೀರುವುದಿಲ್ಲ, ಪೇಂಟ್ ಕೆಡಿಸುವುದಿಲ್ಲ. ಹೀರದೇ ಇರುವುದೇ ತೊಡಕು ಕೂಡ. ಒಳಗೆ ಬಂದ ನೀರು ಬೆರೆಯದೆ ತಗ್ಗಿನ ಜಾಗದಲ್ಲಿ, ಅಂದರೆ ಕ್ಯಾಲಿಪರಿನಲ್ಲಿ, ಹನಿಯಾಗಿ ಕೂತು ತುಕ್ಕು ಹಿಡಿಸುತ್ತದೆ, ನೂರು ಡಿಗ್ರಿಗೇ ಕುದಿಯುತ್ತದೆ. ಸಿಲಿಕೋನ್ ಗಾಳಿಯನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಪೆಡಲ್ ಮೆತ್ತಗಾಗುತ್ತದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಅದು ಸಲ್ಲದು. ಗ್ಲೈಕಾಲ್ ಜೊತೆ ಬೆರೆಸುವ ಹಾಗೂ ಇಲ್ಲ. ಡಾಟ್ 5.1ಕ್ಕೂ ಡಾಟ್ 5ಕ್ಕೂ ಹೆಸರಷ್ಟೇ ಹತ್ತಿರ. ಡಾಟ್ 3 ಹಾಕಿದ ಗಾಡಿಗೆ ಡಾಟ್ 4 ಸೇರಿಸಬಹುದು, ಆದರೆ ಸೇರಿದ ಮೇಲೆ ಅದನ್ನು ಪೂರ್ತಿ ಡಾಟ್ 4 ಎಂದು ನಂಬಬೇಡಿ. ಮುಚ್ಚಳದ ಮೇಲೆ ಅಚ್ಚಾಗಿರುವುದನ್ನು ಓದಿ ಹಾಕುವುದು ಸರಿ. ಈ ಕಾರಿನದು ಡಾಟ್ 4.

ಇನ್ನೂ ಕೆಟ್ಟ ತಪ್ಪು ತೋಟದ ಜೀಪುಗಳಲ್ಲಿ ಆಗುತ್ತದೆ. ಮಟ್ಟ ಇಳಿದಿದೆ ಎಂದು, ಹೆಸರಲ್ಲಿ ‘ಆಯಿಲ್’ ಇದೆಯಲ್ಲ ಎಂದು, ಶೆಡ್ಡಿನಲ್ಲಿದ್ದ ಪವರ್ ಸ್ಟಿಯರಿಂಗ್ ಆಯಿಲನ್ನೋ ಎಂಜಿನ್ ಆಯಿಲನ್ನೋ ಸುರಿಯುತ್ತಾರೆ. ಮುಚ್ಚಳ ತೆಗೆದರೆ ಒಳಗಿನ ರಬ್ಬರ್ ಉಬ್ಬಿ, ನೆನೆದ ಅಕ್ಕಿಯಂತೆ ಮೆತ್ತಗಾಗಿ, ಮತ್ತೆ ತನ್ನ ಜಾಗಕ್ಕೇ ಕೂರುವುದಿಲ್ಲ. ಅಷ್ಟು ಕಂಡರೆ ಸಾಕು: ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಕ್ಯಾಲಿಪರ್ ಸೀಲ್, ಹಿಂದಿನ ಕಪ್, ಹೋಸ್‌ವರೆಗೆ ಎಲ್ಲ ರಬ್ಬರ್ ಬದಲಿಸಿ ಪೈಪು ತೊಳೆಯಲೇಬೇಕು.

ಕೆಲಸಕ್ಕೆ ಸೀಲ್ ಒಡೆಯದ ಒಂದು ಲೀಟರ್ ಡಾಟ್ 4 ತಂದರು. ಹಳೆಯದನ್ನು ಡಬ್ಬಿಯಿಂದ ಎಳೆದು ಹೊಸದು ತುಂಬಿದರೆ ಮುಗಿಯಲಿಲ್ಲ. ಬ್ರೇಕ್ ದ್ರವ ಎಂಜಿನ್ ಆಯಿಲಿನಂತೆ ಸುತ್ತುವುದಿಲ್ಲ, ಕುದಿದದ್ದು ಕ್ಯಾಲಿಪರಿನಲ್ಲೇ ಕೂತಿರುತ್ತದೆ. ಈ ಗಾಡಿಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಗಾಡಿಗಳಲ್ಲಿ ಕ್ರಮ ಬೇರೆ, ಕೈಪಿಡಿ ನೋಡಬೇಕು. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್, ಅದರ ಇನ್ನೊಂದು ತುದಿ ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿರಬೇಕು.

‘ತುಳಿ… ಹಿಡ್ಕೊ.’ ನಿಪ್ಪಲ್ ಕಾಲು ಸುತ್ತು ಬಿಚ್ಚು, ದ್ರವ ಬರಲಿ, ಬಿಗಿ. ‘ಬಿಡು.’ ಬಿಗಿಯುವ ಮೊದಲೇ ಕಾಲು ಬಿಟ್ಟರೆ ನಿಪ್ಪಲ್ಲಿನ ಸುತ್ತಿನಿಂದ ಗಾಳಿ ಒಳಗೆ ಹೋಗುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದರು. ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿ ದಿನವೂ ಉಪಯೋಗವಾಗದ ಕೊನೆಯ ಭಾಗ ತುಕ್ಕು ಹಿಡಿದಿರುತ್ತದೆ, ಪೂರ್ತಿ ತುಳಿದರೆ ಸೀಲ್ ಅಲ್ಲಿಗೆ ತಾಗಿ ಹರಿಯುತ್ತದೆ. ಐದಾರು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬುತ್ತಿದ್ದರು. ಅದು ಬರಿದಾಗಿ ಎಬಿಎಸ್ ಒಳಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸಬೇಕಾಗಬಹುದು.

ಮುಂದಿನ ಎಡ ನಿಪ್ಪಲ್ ಮಿಸುಕಲಿಲ್ಲ. ರಬ್ಬರ್ ಟೋಪಿ ಬಿದ್ದುಹೋಗಿ ಮಳೆನೀರು ಕೂತು ತುಕ್ಕು ತಿಂದಿತ್ತು. ಇಲ್ಲಿ ಜೋರು ಮಾಡಿದರೆ ನಿಪ್ಪಲ್ ಮುರಿದು ಕ್ಯಾಲಿಪರ್ ಬಿಚ್ಚಬೇಕಾಗುತ್ತದೆ. ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಇಪ್ಪತ್ತು ನಿಮಿಷ ಬಿಟ್ಟು, ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆರು ಮೂಲೆಯ ಸಾಕೆಟ್ ಹಾಕಿ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದರು. ‘ಟಕ್’ ಎಂದು ಬಿಟ್ಟಿತು. ಟ್ಯೂಬಿನಲ್ಲಿ ಮೊದಲು ಬಂದದ್ದು ಹೆಚ್ಚುಕಡಿಮೆ ಕಪ್ಪೇ. ಮೂವತ್ತು ಸಲ ತುಳಿದ ಮೇಲೆ ತಿಳಿಯಾಯಿತು. ನಾಲ್ಕೂ ನಿಪ್ಪಲ್ಲಿಗೆ ಹೊಸ ಟೋಪಿ ಹಾಕಿದರು.

ಫೆಂಡರ್ ಮೇಲೆ ಬಿದ್ದ ಎರಡು ಹನಿಯನ್ನು ಬರೀ ಬಟ್ಟೆಯಲ್ಲಿ ಒರೆಸದೆ ಕೂಡಲೇ ನೀರು ಸುರಿದು ತೊಳೆದರು, ಗ್ಲೈಕಾಲ್ ಪೇಂಟನ್ನು ಎಬ್ಬಿಸುತ್ತದೆ. ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದರು, ಇಳಿಯಲಿಲ್ಲ. ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿದ ಮೇಲಷ್ಟೇ ಮನೆಯವರನ್ನು ಹತ್ತಿಸಿದ್ದು. ಡಬ್ಬಿಯ ಪಕ್ಕ ಮಾರ್ಕರಿನಲ್ಲಿ ತಾರೀಖು ಬರೆದರು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಎನ್ನುತ್ತಾರೆ. ಮಳೆಗಾಲದುದ್ದಕ್ಕೂ ಘಾಟಿ ಹತ್ತಿ ಇಳಿಯುವ ಗಾಡಿಗೆ ಅದನ್ನು ಒಂದು ದಿನವೂ ಮುಂದೂಡಬಾರದು.

ಲೀಟರಿನಲ್ಲಿ ಉಳಿದ ಅಂಗೈಯಷ್ಟು ಹೊಸ ದ್ರವವನ್ನು ಮುಂದಿನ ಗಾಡಿಗೆಂದು ಎತ್ತಿಡಲಿಲ್ಲ. ಮುಚ್ಚಳ ತೆರೆದ ಕ್ಷಣದಿಂದ ಅದೂ ತೇವ ಹೀರುತ್ತಿರುತ್ತದೆ. ಹಳೆಯದರ ಜೊತೆ ಅದನ್ನೂ ಒಂದು ಕ್ಯಾನಿಗೆ ಸುರಿದು, ವೇಸ್ಟ್ ಆಯಿಲಿಗೆ ಬೆರೆಸದೆ ಬೇರೆಯಾಗಿ ಮುಚ್ಚಿಟ್ಟರು. ಚರಂಡಿಗೆ ಬಿಟ್ಟರೆ ಅದು ಸೇರುವುದು ಕೆಳಗೆ ಹರಿಯುವ ಪಯಸ್ವಿನಿಗೆ.