ಸೆನ್ಸರ್‌ಗೆ ಏನೋ ಕಂಡಿತ್ತು

ಕಳ್ಳರ ಅಲಾರಂ ಹಾಕುವುದು, ರಿಪೇರಿ ಮಾಡುವುದು ನನ್ನ ಕೆಲಸ. ಮೂರು ರಾತ್ರಿ ಬಿಡದೆ ಒಂದೇ ಮನೆಯಿಂದ ಫೋನ್ ಬಂತು. ಕಳ್ಳ ಬಂದಿಲ್ಲ, ಬಾಗಿಲು ಹಾಕಿದ್ದು ಹಾಕಿದ ಹಾಗೇ ಇದೆ, ಆದರೂ ಸೈರನ್ ಕೂಗುತ್ತಿದೆ. ನಾಲ್ಕನೇ ದಿನ ಬೆಳಿಗ್ಗೆ ಹೋದಾಗ ಆ ಮನೆಯ ಅಜ್ಜಿ, "ಅದನ್ನ ಆಫ್ ಮಾಡಿಬಿಡಪ್ಪ, ನಿದ್ದೆನೇ ಇಲ್ಲ" ಅಂದರು. ಅವರ ಕಣ್ಣು ಕೆಂಪಾಗಿತ್ತು. ನನಗೆ ತುಂಬ ಬೇಜಾರಾಯಿತು. ಸುಮ್ನೆ ಕೂಗುವ ಅಲಾರಂ ಅನ್ನು ಜನ ಎಷ್ಟು ದಿನ ಸಹಿಸುತ್ತಾರೆ? ಆಫ್ ಮಾಡಿ ಇಡುತ್ತಾರೆ. ಕಳ್ಳ ಬರುವ ದಿನವೂ ಅದು ಆಫ್ ಆಗಿಯೇ ಇರುತ್ತದೆ, ಅಲ್ವಾ?

ಇಂಥ ಕಡೆ ಓಡಾಟ ಗುರುತಿಸುವ ಸೆನ್ಸರ್‌ನ ಸೆನ್ಸಿಟಿವಿಟಿ ತಗ್ಗಿಸಿ ಬಂದುಬಿಡುವವರು ಜಾಸ್ತಿ. ಎಲ್ಲಕ್ಕಿಂತ ಮೊದಲು ಅದಕ್ಕೇ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸೆನ್ಸರ್‌ಗೆ ಏನೋ ಕಂಡಿದೆ. ಅದೇನು ಅಂತ ಹುಡುಕಬೇಕು.

ಏಣಿ ಹತ್ತಿ ಮುಚ್ಚಳ ತೆಗೆದೆ. ಲೆನ್ಸ್‌ಗೂ ಒಳಗಿನ ಬೋರ್ಡ್‌ಗೂ ನಡುವೆ ತೆಳ್ಳನೆಯ ಜೇಡರ ಬಲೆ. ಮಧ್ಯದಲ್ಲಿ ಎಳ್ಳು ಕಾಳಿನಷ್ಟು ಜೇಡ. ಟಾರ್ಚ್ ಬಿಟ್ಟ ಕೂಡಲೇ ಅದು ಸೆನ್ಸರ್‌ನ ಪುಟ್ಟ ಕಪ್ಪು ಕಿಟಕಿಯ ಮೇಲೆ ಹಾದು, ವೈರ್ ಬರುವ ತೂತಿನೊಳಗೆ ನುಸುಳಿತು.

ಇದು ಪಿಐಆರ್, ಅಂದರೆ ಪ್ಯಾಸಿವ್ ಇನ್‌ಫ್ರಾರೆಡ್ ಸೆನ್ಸರ್. ತಾನಾಗಿ ಏನನ್ನೂ ಹೊರಗೆ ಕಳಿಸುವುದಿಲ್ಲ. ಮೈಯಿಂದ ಹೊರಡುವ ಇನ್‌ಫ್ರಾರೆಡ್ ಶಾಖಕ್ಕೆ ಕಾದು ಕೂತಿರುತ್ತದೆ, ಸುಮಾರು 8ರಿಂದ 14 ಮೈಕ್ರಾನ್ ಅಲೆಯುದ್ದದ್ದು. ಒಳಗೆ ಅಕ್ಕಪಕ್ಕ ಶಾಖ ಗುರುತಿಸುವ ಎರಡು ತುಣುಕುಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿರುತ್ತಾರೆ. ಇಡೀ ಕೋಣೆ ನಿಧಾನಕ್ಕೆ ಬಿಸಿಯಾದರೆ ಎರಡಕ್ಕೂ ಒಟ್ಟಿಗೇ ತಾಗಿ ಲೆಕ್ಕ ಸೊನ್ನೆಯಾಗುತ್ತದೆ. ಯಾರಾದರೂ ಅಡ್ಡ ಹಾದರೆ ಮೊದಲು ಒಂದಕ್ಕೆ ತಾಗುತ್ತದೆ, ಆಮೇಲೆ ಇನ್ನೊಂದಕ್ಕೆ. ಆ ಏರಿಳಿತ ಕಂಡರೆ ಅಲಾರಂ. ಆ ಕಿಟಕಿಯ ಮೇಲೇ ಹರಿದಾಡುವ ಜೇಡ, ಅಷ್ಟು ಹತ್ತಿರದಿಂದ, ಒಬ್ಬ ಆಳಿನಷ್ಟೇ ದೊಡ್ಡದು.

ಬ್ರಷ್‌ನಿಂದ ಬಲೆ ತೆಗೆದೆ. ತೂತಿಗೆ ಸಿಲಿಕೋನ್ ತುಂಬಿದೆ. ಇದನ್ನು ಮಾತ್ರ ಎಂದೂ ಬಿಡಬೇಡಿ. ಗೋಡೆಯೊಳಗಿನ ತಣ್ಣನೆ ಗಾಳಿಯೂ ಅಲ್ಲಿಂದಲೇ ನುಗ್ಗಿ ಸೆನ್ಸರ್‌ಗೆ ಮೋಸ ಮಾಡುತ್ತದೆ.

ಜಾಗವೂ ಸರಿಯಿರಲಿಲ್ಲ. ಎದುರಿಗೇ ಕಿಟಕಿ, ಬಿಸಿಲು ಬಿದ್ದು ಅಲ್ಲಾಡುವ ಪರದೆ. ಬಾಗಿಲಿಂದ ಬರುವವನು ನೇರ ಸೆನ್ಸರ್ ಕಡೆಗೇ ನಡೆದು ಬರುವ ಹಾಗಿತ್ತು. ಪಿಐಆರ್‌ಗೆ ಚೆನ್ನಾಗಿ ಕಾಣುವುದು ಅಡ್ಡ ನಡಿಗೆ, ನೇರ ನಡಿಗೆ ಅಲ್ಲ. ಹಾಗಾಗಿ ಪಕ್ಕದ ಮೂಲೆಗೆ ಬದಲಾಯಿಸಿದೆ. ಪಲ್ಸ್ ಕೌಂಟ್, ಅಂದರೆ ಎಷ್ಟು ಏರಿಳಿತ ಕಂಡರೆ ಅಲಾರಂ ಅನ್ನುವ ಲೆಕ್ಕ, ಒಂದರಿಂದ ಎರಡಕ್ಕೆ ಏರಿಸಿದೆ. ಒಂದೇ ಏರಿಳಿತಕ್ಕೆ ಇನ್ನು ಸೈರನ್ ಕೂಗುವುದಿಲ್ಲ.

ಅವರ ಮಗ ಮೈಕ್ರೋವೇವ್ ಕೂಡ ಇರುವ ಜೋಡಿ ಸೆನ್ಸರ್ ಬಗ್ಗೆ ಕೇಳಿದರು. ಒಳ್ಳೆಯದೇ. ಒಂದು ಶಾಖ ನೋಡುತ್ತದೆ, ಇನ್ನೊಂದು ಅಲೆ ಕಳಿಸಿ ಚಲನೆ ನೋಡುತ್ತದೆ. ಎರಡೂ ಹೌದು ಅಂದರೆ ಮಾತ್ರ ಅಲಾರಂ. ಬಿಸಿಗಾಳಿ ಜಾಸ್ತಿ ಇರುವ ಕಡೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಮೈಕ್ರೋವೇವ್ ಗಾಜು, ತೆಳು ಗೋಡೆ ದಾಟಿ ಆಚೆಯವರ ಓಡಾಟವನ್ನೂ ಹಿಡಿಯುತ್ತದೆ. ಅದರ ದೂರವನ್ನು ಕೋಣೆಯ ಅಳತೆಗೆ ತಗ್ಗಿಸಲೇಬೇಕು.

ಕೊನೆಗೆ ವಾಕ್ ಟೆಸ್ಟ್. ಕಳ್ಳ ಬರಬಹುದಾದ ಪ್ರತಿ ದಾರಿಯಲ್ಲೂ ನಿಧಾನ ನಡೆದೆ, ಬಗ್ಗಿ ನಡೆದೆ. ಪ್ರತಿ ಸಲ ಕೆಂಪು ದೀಪ ಹತ್ತಿತು. ಅಜ್ಜಿ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ನೋಡಿದರು. ಎರಡು ವಾರ ಬಿಟ್ಟು ಫೋನ್ ಮಾಡಿದೆ. ಈಗ ಮಲಗುವ ಮುಂಚೆ ಅಲಾರಂ ಆನ್ ಮಾಡುವ ಬಟನ್ ಒತ್ತುವುದು ಅಜ್ಜಿಯೇ ಅಂತೆ.